ಹೊರಗೋಡೆಯ ಪೆಟ್ಟಿಗೆ, ಹುಳುಮನೆಯ ಬಿಸಿ

2024ರ ಏಪ್ರಿಲ್ 28ರಂದು ಬೆಂಗಳೂರಿನ ಹವಾಮಾನ ಕೇಂದ್ರದಲ್ಲಿ 38.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಆ ಕೇಂದ್ರದ ದಾಖಲೆಯಲ್ಲಿ ಎಲ್ಲಕ್ಕಿಂತ ಮಿಗಿಲಾದ ಬಿಸಿ 2016ರ ಏಪ್ರಿಲ್‌ನ 39.2 ಡಿಗ್ರಿ. ಅಂದು ಪತ್ರಿಕೆಗಳೆಲ್ಲ ಮಹಾನಗರದ ಬವಣೆಯನ್ನೇ ಬರೆದವು. ನಗರದ ನೈಋತ್ಯಕ್ಕೆ ಹರಡಿಕೊಂಡಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬೇಸಿಗೆಯನ್ನು ಕೇಳಿದವರು ಕಡಿಮೆ. ರಾಮನಗರವು ಬೆಂಗಳೂರಿಗಿಂತ ಸುಮಾರು 170 ಮೀಟರ್ ತಗ್ಗಿನಲ್ಲಿದೆ. ಕನಕಪುರ ಅದಕ್ಕಿಂತಲೂ ತಗ್ಗು. ಎತ್ತರದ ಲೆಕ್ಕ ಒಂದನ್ನೇ ಹಿಡಿದರೂ ಈ ಊರುಗಳ ಹಗಲು ಬೆಂಗಳೂರಿನ ಹಗಲಿಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾಯಬೇಕು. ಅದರ ಮೇಲೆ ಬಂಡೆಗಳಿವೆ. ಕ್ಲೋಸ್‌ಪೇಟೆ ಎಂಬ ರಾಮನಗರದ ಹಳೆಯ ಹೆಸರನ್ನೇ ಭೂವಿಜ್ಞಾನಿಗಳು ಇಲ್ಲಿನ ಗ್ರಾನೈಟಿಗೂ ಇಟ್ಟಿದ್ದಾರೆ. ಸುಮಾರು 250 ಕೋಟಿ ವರ್ಷ ವಯಸ್ಸಿನ ಈ ಶಿಲೆಯ ಬೆಟ್ಟಗಳು ಹಗಲೆಲ್ಲ ಹೀರಿದ ಬಿಸಿಲನ್ನು ಕತ್ತಲಾದ ಮೇಲೆ ನಿಧಾನವಾಗಿ ಹೊರಬಿಡುತ್ತವೆ. ರಾಮದೇವರ ಬೆಟ್ಟದ ಬುಡದ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಿರುವಾಗ ಈ ಊರುಗಳ ಹೊಸ ಬಡಾವಣೆಗಳಲ್ಲಿ ಮನೆಯ ಹೊರಗೋಡೆಗೆ ಬಿಳಿಯ ಪೆಟ್ಟಿಗೆಗಳು ಒಂದೊಂದಾಗಿ ಏರುತ್ತಿರುವುದು ಅಚ್ಚರಿಯ ಸಂಗತಿಯಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಮಹಾನಗರದಲ್ಲಿ ದುಡಿದು ಇಲ್ಲಿ ಮಲಗುವವರ ಸಂಖ್ಯೆ ಬೆಳೆಯಿತು. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರೇ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಹವಾನಿಯಂತ್ರಕಗಳ ಮೇಲಿನ ಜಿ.ಎಸ್.ಟಿ. ಶೇ 28ರಿಂದ ಶೇ 18ಕ್ಕೆ ಇಳಿಯಿತು. ಒಂದು ಕಾಲಕ್ಕೆ ಬ್ಯಾಂಕು, ಆಸ್ಪತ್ರೆ, ಸಿನಿಮಾ ಮಂದಿರಗಳಿಗೆ ಮೀಸಲಾಗಿದ್ದ ಯಂತ್ರ ಈಗ ಮಧ್ಯಮ ವರ್ಗದ ಮಲಗುವ ಕೋಣೆಗೆ ಕಂತಿನಲ್ಲಿ ಬರುತ್ತಿದೆ.

ಬಿಸಿಯಲ್ಲಿ ನಿದ್ದೆಗೆಟ್ಟವರಿಗೆ ತಂಪಿನ ಕೋಣೆಯಲ್ಲಿ ಕುಳಿತು ಉಪದೇಶ ಮಾಡುವುದು ಸುಲಭ. ವೃದ್ಧರು, ಹೃದ್ರೋಗಿಗಳು, ಹಸುಗೂಸುಗಳಿರುವ ಮನೆಗೆ ಎ.ಸಿ. ಬೇಡವೆನ್ನುವ ಅಧಿಕಾರ ಯಾವ ಪರಿಸರವಾದಿಗೂ ಇಲ್ಲ. ಇಲ್ಲಿ ಎತ್ತಬೇಕಾದ ಪ್ರಶ್ನೆ ಬೇರೆ. ಎ.ಸಿ. ಕೊಳ್ಳುವವರು ಒಳಗಿನ ಘಟಕದ ಅಂದ, ನಕ್ಷತ್ರಗಳ ಸಂಖ್ಯೆ, ಕಂತಿನ ಮೊತ್ತ ಎಲ್ಲವನ್ನೂ ಅಳೆದು ತೂಗುತ್ತಾರೆ. ಔಟ್‌ಡೋರ್ ಯೂನಿಟ್ ಎಂಬ ಹೊರಘಟಕವನ್ನು ಎಲ್ಲಿ ಕೂರಿಸಬೇಕೆಂಬ ತೀರ್ಮಾನವನ್ನು ಮಾತ್ರ ಅಳವಡಿಸಲು ಬಂದ ಹುಡುಗನಿಗೆ ಬಿಟ್ಟುಬಿಡುತ್ತಾರೆ. ಆತ ಎಲ್ಲಿ ತಾಮ್ರದ ಕೊಳವೆ ಕಡಿಮೆ ಸಾಕೋ, ಎಲ್ಲಿ ಏಣಿ ನಿಲ್ಲುವುದೋ ಅಲ್ಲಿ ಎರಡು ಬ್ರಾಕೆಟ್ ಹೊಡೆದು ಹೋಗುತ್ತಾನೆ. ಮುಂದಿನ ಹತ್ತು ಹದಿನೈದು ವರ್ಷ ಆ ಮನೆಯ ಬಿಸಿಯೆಲ್ಲ ಯಾರ ಕಿಟಕಿಯತ್ತ ಹೋಗಬೇಕೆಂಬುದು ಅರ್ಧ ಗಂಟೆಯೊಳಗೆ ನಿರ್ಧಾರವಾಗಿಬಿಡುತ್ತದೆ.

ಹವಾನಿಯಂತ್ರಕವು ತಂಪನ್ನು ಸೃಷ್ಟಿಸುವುದಿಲ್ಲ. ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಹಾಕುತ್ತದೆ. ಒಳಗಿನ ಸುರುಳಿಯಲ್ಲಿ ದ್ರವವು ಆವಿಯಾಗುವಾಗ ಕೋಣೆಯ ಶಾಖವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡಿ, ಸುರುಳಿಯಲ್ಲಿ ಹಾಯಿಸಿ, ಫ್ಯಾನಿನ ಗಾಳಿಗೆ ಆ ಶಾಖವನ್ನು ಬಿಟ್ಟುಕೊಡುತ್ತದೆ. ಇಲ್ಲಿ ಟನ್ ಎಂಬುದು ಪೆಟ್ಟಿಗೆಯ ತೂಕವಲ್ಲ. ಒಂದು ಅಮೆರಿಕನ್ ಟನ್ ಮಂಜುಗಡ್ಡೆಯನ್ನು 24 ಗಂಟೆಗಳಲ್ಲಿ ಕರಗಿಸಲು ಬೇಕಾದ ಶಾಖದ ಪ್ರಮಾಣವದು, ಅಂದರೆ ಸುಮಾರು 3.5 ಕಿಲೋವಾಟ್. ಒಂದೂವರೆ ಟನ್ನಿನ ಯಂತ್ರವು ಪೂರ್ಣ ಬಲದಲ್ಲಿ ಓಡುವಾಗ ಕೋಣೆಯಿಂದ 5.3 ಕಿಲೋವಾಟ್ ಶಾಖವನ್ನು ತೆಗೆಯುತ್ತದೆ. ಅದಕ್ಕಾಗಿ ತಾನು ತಿನ್ನುವ ಸುಮಾರು ಒಂದೂವರೆ ಕಿಲೋವಾಟ್ ವಿದ್ಯುತ್ತೂ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಎರಡೂ ಸೇರಿ ಹೊರಘಟಕದ ಬಾಯಿಂದ ಬರುವುದು ಹತ್ತಿರ ಹತ್ತಿರ 7 ಕಿಲೋವಾಟ್. ಸಾವಿರ ವಾಟಿನ ಏಳು ಇಸ್ತ್ರಿಪೆಟ್ಟಿಗೆಗಳನ್ನು ಹಚ್ಚಿ ಓಣಿಯಲ್ಲಿಟ್ಟಂತೆ.

ಓಣಿ ಎಂಬ ಮಾತನ್ನು ಸುಮ್ಮನೆ ಬಳಸಿದ್ದಲ್ಲ. 30×40 ಅಡಿಯ ನಿವೇಶನದಲ್ಲಿ ಎರಡು ಮನೆಗಳ ನಡುವೆ ಉಳಿಯುವುದು ಬಹಳಷ್ಟು ಕಡೆ ಮೂರು ಅಡಿಯ ಸಂದಿ. ಒಂದಡಿ ಆಳದ ಹೊರಘಟಕವನ್ನು ಅಲ್ಲಿ ಕೂರಿಸಿದರೆ ಅದರ ಮುಖಕ್ಕೂ ಎದುರುಗೋಡೆಗೂ ಉಳಿಯುವ ಅಂತರ ಒಂದೂವರೆ ಅಡಿಯಷ್ಟೆ. ಉಗುಳಿದ ಬಿಸಿಗಾಳಿ ಎದುರುಗೋಡೆಗೆ ಬಡಿದು ಹಿಂದಿರುಗಿ ಅದೇ ಯಂತ್ರದ ಬೆನ್ನಿಗೆ ಸೇರುತ್ತದೆ. ಒಳಸೇರುವ ಗಾಳಿಯ ಬಿಸಿ ಒಂದು ಡಿಗ್ರಿ ಏರಿದರೆ ಯಂತ್ರದ ವಿದ್ಯುತ್ ಬಳಕೆ ಶೇ 2ರಿಂದ 3ರಷ್ಟು ಏರುತ್ತದೆ. ಹೀಗೆ ಐದು ನಕ್ಷತ್ರದ ಯಂತ್ರ ಕೊಂಡವರು ಮೂರು ನಕ್ಷತ್ರದ ಬಿಲ್ಲು ಕಟ್ಟುತ್ತಾರೆ; ಎದುರುಮನೆಯವರು ಬೇಸಿಗೆಯ ರಾತ್ರಿ ಕಿಟಕಿ ಮುಚ್ಚಿಕೊಂಡು ಬೇಯುತ್ತಾರೆ. ಮುಂದಿನ ವರ್ಷ ಅವರೂ ಎ.ಸಿ. ತರುತ್ತಾರೆ. ಒಂದೇ ಸಂದಿಯಲ್ಲಿ ಎರಡು ಹೊರಘಟಕಗಳು ಮುಖಾಮುಖಿಯಾಗಿ ಪರಸ್ಪರ ಬಿಸಿ ಊದುವ ದೃಶ್ಯ ಬೆಂಗಳೂರಿನಲ್ಲಿ ಸಾಮಾನ್ಯ. ಅದು ರಾಮನಗರಕ್ಕೂ ಬರಬೇಕೆಂದೇನೂ ಇಲ್ಲ.

ಇಷ್ಟೇ ಆಗಿದ್ದರೆ ಇದನ್ನು ನೆರೆಹೊರೆಯ ಜಗಳವೆಂದು ಬಿಡಬಹುದಿತ್ತು. ಆದರೆ ಈ ನಾಲ್ಕು ತಾಲ್ಲೂಕುಗಳ ಮನೆಗಳ ಪಕ್ಕದಲ್ಲಿ ಇರುವುದು ಬರಿಯ ಮನೆಗಳಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಮಾಗಡಿಯ ಹಳ್ಳಿಗಳು ಪಕ್ಕದ ಕುಣಿಗಲಿನೊಡನೆ ಮೈಸೂರು ದೇಶೀ ತಳಿಯ ಬಿತ್ತನೆ ಗೂಡಿನ ಸಾಂಪ್ರದಾಯಿಕ ಪ್ರದೇಶ. ಕನಕಪುರ, ಚನ್ನಪಟ್ಟಣಗಳ ಹೊಲಗಳಲ್ಲಿ ಹಿಪ್ಪುನೇರಳೆ ಇದೆ. ಹಳ್ಳಿಯಂಚಿನ ಹೊಲ ಭೂಪರಿವರ್ತನೆಯಾಗಿ ಬಡಾವಣೆಯಾದಾಗ, ಮಾರದೆ ಉಳಿದ ರೈತನ ಹುಳುಮನೆ ಹೊಸ ಮನೆಗಳ ಕಾಂಪೌಂಡಿಗೆ ಅಂಟಿಕೊಂಡೇ ಉಳಿಯುತ್ತದೆ. ಹೊಸ ಮನೆಯವರಿಗೆ ಹಿಂಬದಿಯ ಗೋಡೆ ಎಂದರೆ ಯಾರಿಗೂ ಕಾಣದ ಗೋಡೆ; ಹೊರಘಟಕಕ್ಕೆ ಹೇಳಿ ಮಾಡಿಸಿದ ಜಾಗ. ಆ ಗೋಡೆಯ ಆಚೆಗೆ ಸಾವಿರಾರು ಹುಳುಗಳು ಸೊಪ್ಪು ತಿನ್ನುತ್ತಿರುತ್ತವೆ ಎಂಬುದು ಅವರಿಗೆ ತಿಳಿಯದು.

ರೇಷ್ಮೆಹುಳು ಶೀತರಕ್ತದ ಜೀವಿ. ಸುತ್ತಲ ಬಿಸಿಯೇ ಅದರ ಮೈಬಿಸಿ. ಮೊದಲೆರಡು ಜ್ವರ ಮುಗಿಯುವ ತನಕದ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಉಷ್ಣಾಂಶ, ಶೇ 80ರಿಂದ 90ರಷ್ಟು ತೇವಾಂಶ ಬೇಕು. ಬೆಳೆದ ಹುಳುವಿಗೆ 24–25 ಡಿಗ್ರಿ, ಶೇ 70ರ ಆಸುಪಾಸಿನ ತೇವ ಸಾಕು. ಅಂದರೆ ಹುಳು ಬೆಳೆದಂತೆ ಅದು ಬೇಡುವ ಬಿಸಿ ಕಡಿಮೆಯಾಗುತ್ತದೆ. ಐದನೆಯ ಹಂತದ ಏಳೆಂಟು ದಿನಗಳಲ್ಲಿ ಹುಳುವು ತನ್ನ ಜೀವಮಾನದ ಒಟ್ಟು ಸೊಪ್ಪಿನ ಬಹುಪಾಲನ್ನು ತಿನ್ನುತ್ತದೆ, ರೇಷ್ಮೆಗ್ರಂಥಿ ತುಂಬುವುದೂ ಆಗಲೇ. ಬಿಸಿ ತಾಳದ ಹಂತವೂ ಅದೇ. 30 ಡಿಗ್ರಿ ದಾಟಿದ ಕೋಣೆಯಲ್ಲಿ ದ್ವಿತಳಿ ಹುಳು ಮೇವು ಬಿಡುತ್ತದೆ, ಸಪ್ಪೆರೋಗ ಹೊಕ್ಕುತ್ತದೆ, ಬದುಕಿ ಉಳಿದವು ಕಟ್ಟಿದ ಗೂಡು ತೆಳ್ಳಗಾಗುತ್ತದೆ. ಮಾರುಕಟ್ಟೆಯ ಹರಾಜಿನಲ್ಲಿ ರೀಲರು ಗೂಡನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಸಾಕು, ಆ ರಾತ್ರಿಗಳ ಕಥೆ ಬೆಲೆಯಲ್ಲಿ ಹೊರಬರುತ್ತದೆ. ಬಿತ್ತನೆಗೂಡು ಬೆಳೆಯುವವರ ನಷ್ಟ ಇನ್ನೂ ಸೂಕ್ಷ್ಮ. ಅತಿ ಬಿಸಿಯಲ್ಲಿ ಬೆಳೆದ ದ್ವಿತಳಿ ಗಂಡುಚಿಟ್ಟೆಯ ಫಲವಂತಿಕೆ ಕುಂದುತ್ತದೆ. ಮೊಟ್ಟೆ ಇಟ್ಟರೂ ಒಡೆಯದೆ ಉಳಿಯುವ ಪ್ರಮಾಣ ಹೆಚ್ಚುತ್ತದೆ. ಗೂಡು ನೋಡಲು ಚೆನ್ನಾಗಿಯೇ ಇರುತ್ತದೆ.

ನೂರು ಮೊಟ್ಟೆಯ ಸಾಕಣೆ ಎಂದರೆ 40ರಿಂದ 50 ಸಾವಿರ ಹುಳು. ಚೆನ್ನಾಗಿ ಬಂದರೆ 60–70 ಕೆ.ಜಿ. ಗೂಡು. ಅದಕ್ಕೆ ತಿಂಗಳ ದುಡಿಮೆ, ಸೊಪ್ಪಿನ ತೋಟಕ್ಕೆ ಕೊಳವೆಬಾವಿಯ ನೀರು, ಕೂಲಿ ಎಲ್ಲವೂ ಸೇರಿದೆ. ಬೇಸಿಗೆಯ ಬೆಳೆಯನ್ನು ರೈತರು ಕಾಪಾಡಿಕೊಳ್ಳುವುದು ಒಂದೇ ಉಪಾಯದಿಂದ, ರಾತ್ರಿಯ ತಂಪಿನಿಂದ. ಹಗಲು ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ ಬಿಸಿಯನ್ನು ತಡೆಯುತ್ತಾರೆ. ಸೂರ್ಯ ಮುಳುಗಿ ಹೊರಗಾಳಿ ತಣಿದ ಮೇಲೆ ಕಿಟಕಿಗಳನ್ನೆಲ್ಲ ತೆರೆದು ದಿನದ ಬಿಸಿಯನ್ನು ಹೊರಗೆ ಕಳಿಸುತ್ತಾರೆ. ಮಲಗುವ ಕೋಣೆಯ ಎ.ಸಿ. ಓಡುವುದೂ ಸರಿಯಾಗಿ ಅದೇ ಹೊತ್ತಿಗೆ. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ, ರೈತನು ತಂಪಿಗೆಂದು ತೆರೆದ ಕಿಟಕಿಯಿಂದ ನಾಲ್ಕಡಿ ದೂರದಲ್ಲಿ ಇನ್ನೊಬ್ಬರ ಕೋಣೆಯ ಬಿಸಿ ಬಂದು ಬೀಳುತ್ತದೆ. ಇಡೀ ಊರಿನ ಉಷ್ಣಾಂಶದ ಮೇಲೆ ಕೆಲವು ನೂರು ಎ.ಸಿ.ಗಳು ಮಾಡುವ ಪರಿಣಾಮ ಅಳತೆಗೆ ಸಿಗದಷ್ಟು ಸಣ್ಣದಿರಬಹುದು. ಆ ಒಂದು ಕಿಟಕಿಯ ಮುಂದಿನ ಪರಿಣಾಮ ಹಾಗಲ್ಲ. ಕೋಣೆಯ ಒಂದು ಮೂಲೆಯ ಹುಳು ಒಂದು ದಿನ ಮುಂಚೆ ಜ್ವರಕ್ಕೆ ಹೋಗುತ್ತದೆ, ಇನ್ನೊಂದು ಮೂಲೆಯದು ತಡವಾಗಿ. ಏರುಪೇರಾದ ಹುಳುವಿಗೆ ಸೊಪ್ಪು ಕೊಡುವುದೂ ಚಂದ್ರಿಕೆಗೆ ಬಿಡುವುದೂ ಎಷ್ಟು ತೊಡಕೆಂಬುದು ಸಾಕಿದವರಿಗೇ ಗೊತ್ತು.

ಹಾಗಾದರೆ ರೈತನೂ ಹುಳುಮನೆಗೆ ಎ.ಸಿ. ಹಾಕಿಸಿಕೊಳ್ಳಲಿ ಎಂಬ ಸಲಹೆ ಕೇಳಿಬರುವುದುಂಟು. ವ್ಯಾಪಾರಿಗಳು ಇದನ್ನು ಉತ್ಸಾಹದಿಂದಲೇ ಹೇಳುತ್ತಾರೆ. ಇದರಲ್ಲಿ ಎರಡು ತಪ್ಪುಗಳಿವೆ. ಹವಾನಿಯಂತ್ರಕವು ಗಾಳಿಯ ತೇವವನ್ನೂ ತೆಗೆಯುತ್ತದೆ. ಒಳಘಟಕದಿಂದ ಕೊಳವೆಯಲ್ಲಿ ತೊಟ್ಟಿಕ್ಕುವ ನೀರು ಆ ತೇವವೇ. ಒಣಗಾಳಿಯಲ್ಲಿ ಸೊಪ್ಪು ಕೆಲವೇ ಗಂಟೆಗಳಲ್ಲಿ ಬಾಡುತ್ತದೆ. ರೇಷ್ಮೆಹುಳು ನೀರು ಕುಡಿಯುವುದಿಲ್ಲ, ಸೊಪ್ಪಿನ ನೀರೇ ಅದರ ನೀರು. ಬಾಡಿದ ಸೊಪ್ಪನ್ನು ಅದು ಮುಟ್ಟುವುದಿಲ್ಲ. ಎರಡನೆಯದಾಗಿ, ಮನೆಬಳಕೆಯ ಎ.ಸಿ. ಹೊರಗಿನ ಹೊಸ ಗಾಳಿಯನ್ನು ತರುವುದಿಲ್ಲ, ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ. ಐದನೆಯ ಹಂತದ ಐವತ್ತು ಸಾವಿರ ಹುಳುಗಳ ಉಸಿರು, ಹಿಕ್ಕೆ, ಉಳಿದ ದಂಟಿನ ಆವಿ ಮುಚ್ಚಿದ ಕೋಣೆಯಲ್ಲಿ ಕೂಡಿಕೊಂಡರೆ ತಂಪೂ ರೋಗವನ್ನು ತಡೆಯಲಾರದು. ಚಿಕ್ಕ ಕೋಣೆಯ ಚಾಕಿ ಕೇಂದ್ರದಲ್ಲಿ ತೇವಕಾರಕವನ್ನು ಜೊತೆಗಿಟ್ಟು ಎ.ಸಿ. ಬಳಸಬಹುದು, ಮೊಟ್ಟೆಗಳ ಶೈತ್ಯಾಗಾರವಿಲ್ಲದೆ ಬಿತ್ತನೆ ಕೋಠಿಗಳು ನಡೆಯಲಾರವು. ಬೆಳೆದ ಹುಳುವಿನ ಮನೆಗೆ ಬೇಕಾದದ್ದು ನೆರಳು, ಎತ್ತರದ ಮಾಡು, ತೂರುಗಾಳಿ ಮತ್ತು ಒದ್ದೆ ಗೋಣಿ. ಹೊರಗಾಳಿ ಹೊರಗಾಳಿಯಾಗಿಯೇ ಉಳಿದರೆ ಮಾತ್ರ ಇವೆಲ್ಲ ಫಲ ಕೊಡುತ್ತವೆ.

ವಿಲಿಸ್ ಕ್ಯಾರಿಯರ್ 1902ರಲ್ಲಿ ರೂಪಿಸಿದ ಮೊದಲ ಯಂತ್ರವೂ ಮನುಷ್ಯರ ಸುಖಕ್ಕಾಗಿ ಹುಟ್ಟಿದ್ದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಹೊಂದದೆ ಹೋಗುತ್ತಿದ್ದವು. ಗಾಳಿಯ ತೇವವನ್ನು ಹದದಲ್ಲಿಡಲು ಆತ ಅದನ್ನು ಮಾಡಿದ. ಕಾಗದಕ್ಕೆ ಬೇಕಾದ ಹದ, ಹುಳುವಿಗೆ ಬೇಕಾದ ಹದ, ಮನುಷ್ಯರಿಗೆ ಬೇಕಾದ ಹದ ಬೇರೆ ಬೇರೆ. ಅಂದಹಾಗೆ ಇದೇ ರಾಮನಗರದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಬೇಸಿಗೆಯ ನಡುಹಗಲು ಬಿಸಿನೀರಿನ ಬೇಸಿನ್ನಿನ ಮುಂದೆ ಕುಳಿತು, ಬೆಂದ ಗೂಡಿನಿಂದ ಎಳೆ ಹುಡುಕುವ ಕೆಲಸಗಾರರ ಹದವನ್ನು ಕೇಳಿದವರಿಲ್ಲ. ಮಲಗುವ ಕೋಣೆಯ ಬಿಸಿಯ ಬಗ್ಗೆ ಇಷ್ಟು ಚರ್ಚಿಸುವ ಸಮಾಜ ಆ ಬಿಸಿಯ ಬಗ್ಗೆಯೂ ಒಂದು ದಿನ ಚರ್ಚಿಸಬೇಕಾದೀತು.

ಅಳವಡಿಕೆಯ ಕೆಲಸಕ್ಕೆ ಮರಳೋಣ. ಮಾರ್ಚ್‌ನಿಂದ ಮೇ ತನಕ ತಂತ್ರಜ್ಞರಿಗೆ ಬಿಡುವಿಲ್ಲ. ದಿನಕ್ಕೆ ಎಷ್ಟು ಯಂತ್ರ ಕೂರಿಸಿದರೋ ಅಷ್ಟು ಸಂಪಾದನೆ ಎಂಬ ಲೆಕ್ಕದಲ್ಲಿ ದುಡಿಯುವ ಹುಡುಗರು ಎರಡನೆಯ ಮಹಡಿಯ ಸಜ್ಜದ ಮೇಲೆ ಹಗ್ಗವೂ ಇಲ್ಲದೆ ಇಳಿದು ಬೋಲ್ಟ್ ಬಿಗಿಯುವುದನ್ನು ಯಾವ ಬಡಾವಣೆಯಲ್ಲೂ ನೋಡಬಹುದು. ಸೊಂಟದ ಬೆಲ್ಟು ತಂದಿದ್ದೀರಾ ಎಂದು ಮನೆಯೊಡೆಯರು ಕೇಳುವುದು ಅತಿಯಾದ ಮಾತಲ್ಲ. ಅವಸರದಲ್ಲಿ ತಪ್ಪಿಹೋಗುವ ಇನ್ನೊಂದು ಕೆಲಸವೆಂದರೆ ಕೊಳವೆಯನ್ನು ನಿರ್ವಾತಗೊಳಿಸುವುದು. ತಾಮ್ರದ ಕೊಳವೆ ಜೋಡಿಸಿದ ಮೇಲೆ ಒಳಗಿನ ಗಾಳಿ ಮತ್ತು ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ಕಾಲು ಗಂಟೆಯಿಂದ ಅರ್ಧ ಗಂಟೆ ಹಿಡಿಯುತ್ತದೆ. ಅದನ್ನು ಬಿಟ್ಟು, ಯಂತ್ರದೊಳಗಿನ ಅನಿಲವನ್ನೇ ಸ್ವಲ್ಪ ಹೊರಬಿಟ್ಟು ಗಾಳಿಯನ್ನು ತಳ್ಳುವ ಅಡ್ಡದಾರಿ ಇದೆ. ಉಳಿದ ತೇವ ಕಂಪ್ರೆಸರನ್ನು ತಿನ್ನುತ್ತದೆ. ಹೊರಬಿಟ್ಟ ಅನಿಲ ಎಲ್ಲಿಗೂ ಹೋಗುವುದಿಲ್ಲ, ವಾತಾವರಣದಲ್ಲೇ ಉಳಿಯುತ್ತದೆ.

ಆ ಅನಿಲದ ಲೆಕ್ಕ ಓದುಗರಿಗೆ ಗೊತ್ತಿರಲಿ. ಹಳೆಯ ಯಂತ್ರಗಳ ಆರ್-22 ಅನಿಲವು ಓಜೋನ್ ಪದರವನ್ನೂ ಕೆಡಿಸುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಅದು ನಿರ್ಗಮಿಸುತ್ತಿದೆ. ಆಮೇಲೆ ಬಂದ ಆರ್-410ಎ ಓಜೋನಿಗೆ ಕೇಡು ಮಾಡದು. ಭೂಮಿಯನ್ನು ಕಾಯಿಸುವುದರಲ್ಲಿ ಮಾತ್ರ ಇಂಗಾಲದ ಡೈಆಕ್ಸೈಡಿಗಿಂತ 2,088 ಪಟ್ಟು ಬಲಶಾಲಿ. ಇಂದಿನ ಹೆಚ್ಚಿನ ಮನೆಯಂತ್ರಗಳಲ್ಲಿರುವ ಆರ್-32ರ ಬಲ 675 ಪಟ್ಟು. ಒಂದು ಕಿಲೋ ಆರ್-32 ಸೋರಿದರೆ ಸುಮಾರು 290 ಲೀಟರ್ ಪೆಟ್ರೋಲ್ ಸುಟ್ಟಷ್ಟು ಬಿಸಿ, ಸ್ಕೂಟರಿನಲ್ಲಿ ಹದಿಮೂರು ಸಾವಿರ ಕಿಲೋಮೀಟರ್ ಓಡಿದಂತೆ. ಪ್ರೊಪೇನ್ ಆಧಾರಿತ ಆರ್-290ರ ಯಂತ್ರಗಳು 2012ರಿಂದ ನಮ್ಮ ದೇಶದಲ್ಲಿ ದೊರೆಯುತ್ತಿವೆ; ಅದರ ತಾಪಬಲ ಬಹು ಅಲ್ಪ, ಆದರೆ ಬೆಂಕಿ ಹೊತ್ತುವ ಅನಿಲವಾದ್ದರಿಂದ ಪಳಗಿದ ಕೈಯೇ ಬೇಕು. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ಇಂಥ ಅನಿಲಗಳ ಬಳಕೆಯ ಕಡಿತ ಇಲ್ಲಿ ಆರಂಭವಾಗುವುದು 2032ರಲ್ಲಿ, ಶೇ 85ರ ಕಡಿತ ಮುಟ್ಟುವುದು 2047ರಲ್ಲಿ. ಅಲ್ಲಿಯ ತನಕ ಸೋರದಂತೆ ನೋಡಿಕೊಳ್ಳುವ ಹೊಣೆ ಕೊಳವೆಯ ತುದಿಯ ನಟ್ಟನ್ನು ಬಿಗಿಯುವವನದು. ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕೆಂದು ಹೇಳುವವರನ್ನು ನಂಬಬೇಡಿ. ಅದು ಮುಚ್ಚಿದ ಚಕ್ರ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಸೋರಿಕೆಯನ್ನು ಮುಚ್ಚದೆ ತುಂಬುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ಮಲೆನಾಡಿನ ಓದುಗರಿಗೆ ಇದೆಲ್ಲ ಬಯಲುಸೀಮೆಯ ಸಮಾಚಾರವೆನಿಸಬಹುದು. ಇಲ್ಲ. ಗಂಟೆಗೆ ಮುಕ್ಕಾಲು ಯೂನಿಟ್ ಎಂದಿಟ್ಟುಕೊಂಡರೂ ರಾತ್ರಿಯ ಎಂಟು ಗಂಟೆಗೆ 6 ಯೂನಿಟ್, ತಿಂಗಳಿಗೆ 180. ಫ್ರಿಜ್ಜು, ಫ್ಯಾನು, ಮೋಟಾರು ಸೇರಿದರೆ 200 ದಾಟುವುದು ಖಚಿತ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ನಿಯಮದಂತೆ 200 ದಾಟಿದ ತಿಂಗಳು ಪೂರ್ಣ ಬಿಲ್ಲನ್ನು ಕಟ್ಟಬೇಕು, ಎ.ಸಿ.ಯ ಕಂತಿನ ಜೊತೆ ಈ ಕಂತನ್ನೂ ಲೆಕ್ಕ ಹಾಕದವರು ಮೇ ತಿಂಗಳಲ್ಲಿ ಬೆಚ್ಚುತ್ತಾರೆ. ಅದು ಅವರ ಮನೆಯ ಮಾತು. ನಾಡಿನ ಮಾತೆಂದರೆ, ಈ ಬೇಡಿಕೆ ಬರುವುದು ರಾತ್ರಿ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಂಥವುಗಳಿಂದ ಕರ್ನಾಟಕಕ್ಕೆ ಹಗಲು ವಿದ್ಯುತ್ ಧಾರಾಳ; ಸೂರ್ಯ ಮುಳುಗಿದ ಮೇಲೆ ಕೈ ಚಾಚುವುದು ಶರಾವತಿಯ ಕಡೆಗೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು ಬಿಟ್ಟವರ ಮಕ್ಕಳು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು 2,000 ಮೆಗಾವಾಟಿನ ಭೂಗತ ಪಂಪ್ಡ್ ಸ್ಟೋರೇಜ್ ಸ್ಥಾವರ ಕಟ್ಟುವ ಯೋಜನೆಯಿದೆ. ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಅದರ ಕ್ರಮ. ಎತ್ತಲು ತಿಂದ ವಿದ್ಯುತ್ತಿನ ಐದನೆಯ ಒಂದು ಪಾಲಾದರೂ ಮರಳಿ ಬರುವುದಿಲ್ಲ. ರಾತ್ರಿಯ ಬೇಡಿಕೆಯನ್ನು ಎ.ಸಿ.ಯೊಂದೇ ಹೆಚ್ಚಿಸುತ್ತಿಲ್ಲ, ಆದರೆ ಹೆಚ್ಚಿಸುವ ಕಾರಣಗಳಲ್ಲಿ ಅತಿ ವೇಗವಾಗಿ ಬೆಳೆಯುತ್ತಿರುವವುಗಳ ಸಾಲಿನಲ್ಲಿ ಅದಿದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ 2018ರ ವರದಿಯ ಅಂದಾಜಿನಂತೆ ಜಗತ್ತಿನ 160 ಕೋಟಿ ಎ.ಸಿ.ಗಳು 2050ಕ್ಕೆ 560 ಕೋಟಿಯಾಗಲಿವೆ. ರಾಮನಗರದ ತಪ್ಪಾದ ಗೋಡೆಗೆ ತಗುಲಿದ ಪೆಟ್ಟಿಗೆ ಹೆಚ್ಚುವರಿಯಾಗಿ ತಿನ್ನುವ ಯೂನಿಟ್ಟಿಗೂ ಶರಾವತಿಯ ಕಾಡಿಗೂ ತಂತಿಯ ನಂಟಿದೆ.

ಎ.ಸಿ.ಯನ್ನು ಅನಿವಾರ್ಯವಾಗಿಸಿದ್ದು ನಾವು ಕಟ್ಟುತ್ತಿರುವ ಮನೆಯೇ. ನೆರಳಿಲ್ಲದ ಐದಂಗುಲದ ಕಾಂಕ್ರೀಟ್ ತಾರಸಿ ಬಂಡೆಯಂತೆಯೇ ವರ್ತಿಸುತ್ತದೆ, ಹಗಲು ಹೀರಿ ರಾತ್ರಿ ಉಗುಳುತ್ತದೆ. ಅದರಡಿಯ ಕೋಣೆಯಲ್ಲಿ ಎ.ಸಿ. ಮೊದಲು ಹೋರಾಡುವುದು ಸೀಲಿಂಗಿನ ಬಿಸಿಯೊಡನೆ. ತಾರಸಿಗೆ ಬಿಳಿ ಸುಣ್ಣ ಬಳಿಯುವುದು, ಮಂಗಳೂರು ಹೆಂಚಿನ ಇಳಿಮಾಡು ಹಾಕುವುದು, ಪಶ್ಚಿಮದ ಗೋಡೆಗೆ ಬಳ್ಳಿ ಹಬ್ಬಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯಗಳೇ. ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಇಕೋ ನಿವಾಸ್ ಸಂಹಿತೆಯೆಂಬ ವಾಸದ ಮನೆಗಳ ಮಾನದಂಡವನ್ನೂ ಹೊರಡಿಸಿತು. ಗೋಡೆ, ಕಿಟಕಿ, ಮಾಡಿನಿಂದ ಎಷ್ಟು ಶಾಖ ಒಳಬರಬಹುದೆಂಬ ಮಿತಿ ಅದರಲ್ಲಿದೆ. ಊರಿನ ಮೇಸ್ತ್ರಿಗಳ ತನಕ ಅದನ್ನು ತಲುಪಿಸುವ ಕೆಲಸ ಬಾಕಿಯಿದೆ.

ಮರದ ಮಾತು ಬಾರದೆ ಈ ಜಿಲ್ಲೆಯ ಬಿಸಿಯ ಮಾತು ಮುಗಿಯದು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರ್‌ನಲ್ಲಿ ತೀರಿಕೊಂಡರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಅವರ ಮರಗಳೇ ಬಲಿಯಾಗುವ ಭೀತಿಯೂ ಬಂದು, ಮುಖ್ಯಮಂತ್ರಿಗಳ ತನಕ ಮೊರೆ ಹೋಗಬೇಕಾಯಿತು. ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ನೀರನ್ನು ಎಲೆಗಳಿಂದ ಆವಿಯಾಗಿಸಿದರೆ ಅದು ಹೀರುವ ಶಾಖ ಸುಮಾರು 68 ಯೂನಿಟ್ಟಿನಷ್ಟು. ಒಂದೂವರೆ ಟನ್ನಿನ ಎ.ಸಿ. ಎಂಟು ಗಂಟೆ ಪೂರ್ಣಬಲದಲ್ಲಿ ಓಡಿ ತೆಗೆಯುವುದು 42. ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಮರದ ತಂಪು ಬಯಲಿನ ಗಾಳಿಗೆ ಹಂಚಿಹೋಗುತ್ತದೆ, ರಾತ್ರಿ ಎಲೆಗಳು ಹೆಚ್ಚು ನೀರು ಬಿಡುವುದಿಲ್ಲ, ಆ 100 ಲೀಟರ್ ಮಣ್ಣಿನಿಂದಲೇ ಬರಬೇಕು. ಆದರೆ ಹಗಲಿನಲ್ಲಿ ಗೋಡೆ ಕಾಯದಂತೆ ತಡೆದದ್ದೇ ರಾತ್ರಿಯ ಎ.ಸಿ.ಗೆ ಅರ್ಧ ಕೆಲಸ ಉಳಿಸುತ್ತದೆ. ಮೈಸೂರು ಸೀಮೆಯವರು ಹೊಂಗೆಯನ್ನು ಕಣದ ಬದಿಗೆ, ಬಾವಿಯ ಬದಿಗೆ ಸುಮ್ಮನೆ ನೆಡಲಿಲ್ಲ.

ಎ.ಸಿ. ಹಾಕಿಸಲೇಬೇಕಾದವರು ಹೊರಘಟಕವನ್ನು ಉತ್ತರದ ಅಥವಾ ಪೂರ್ವದ ಗೋಡೆಗೆ, ನೆರಳಿಗೆ ಕೊಡಬೇಕು. ಬೆನ್ನಿಗೆ ಒಂದು ಗೇಣಾದರೂ ತೆರವಿರಲಿ, ಮುಖದ ಮುಂದೆ ಒಂದು ಮೀಟರಿಗೆ ಕಡಿಮೆಯಿಲ್ಲದ ಬಯಲಿರಲಿ. ಸಂದಿಯೇ ಗತಿಯೆಂದಾದರೆ ಅಲ್ಲಿ ಕೂರಿಸುವ ಬದಲು ತಾರಸಿಗೆ ಏರಿಸಿ ಮೇಲೆ ಸಣ್ಣ ಮಾಡು ಕಟ್ಟುವುದು ಒಳ್ಳೆಯದು. ಕೊಳವೆ ಒಂದೆರಡು ಮೀಟರ್ ಹೆಚ್ಚಾದರೆ ಆಗುವ ಖರ್ಚು ಕೆಲವೇ ವರ್ಷಗಳ ಬಿಲ್ಲಿನಲ್ಲಿ ಮರಳುತ್ತದೆ. ನೆಲಮಟ್ಟದಲ್ಲಿ ಇಡುವವರು 2022ರ ಆಗಸ್ಟ್‌ನ ಮಳೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಮುಳುಗಿದ್ದನ್ನು ನೆನೆಯಲಿ. ಪ್ರತ್ಯೇಕ ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಇಲ್ಲದೆ ಸಂಪರ್ಕ ಕೊಡಬಾರದು. ಮನೆಗೆ ಮಂಜೂರಾದ ಹೊರೆ ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಇಲ್ಲವಾದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟ ರಾತ್ರಿ ಎಲ್ಲರೂ ಕತ್ತಲಲ್ಲಿ. ಸದ್ದಿನ ವಿಷಯವೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬೆಲ್. ಹೊರಘಟಕದ ಸದ್ದು ಒಂದು ಮೀಟರ್ ದೂರದಲ್ಲಿ ಅದನ್ನು ಸುಲಭವಾಗಿ ದಾಟುತ್ತದೆ. ಒಳಗೆ 24 ಡಿಗ್ರಿಗೆ ಇಟ್ಟು ಫ್ಯಾನ್ ತಿರುಗಿಸಿದರೆ ಸಾಕು. 2020ರ ಜನವರಿಯಿಂದ ಕೋಣೆಯ ಎ.ಸಿ.ಗಳು ಕಾರ್ಖಾನೆಯಿಂದಲೇ 24ಕ್ಕೆ ನಿಗದಿಯಾಗಿ ಬರಬೇಕೆಂಬ ನಿಯಮವಿದೆ. ಅದನ್ನು 18ಕ್ಕಿಳಿಸಿ ಕಂಬಳಿ ಹೊದೆಯುವ ವೈಭವ ಅರ್ಥವಾಗದ ಸಂಗತಿ.

ಉಳಿದದ್ದು ಪಂಚಾಯಿತಿ, ನಗರಸಭೆ ಮತ್ತು ಯೋಜನಾ ಪ್ರಾಧಿಕಾರಗಳ ಕೆಲಸ. ಮನೆಯ ನಕ್ಷೆಯಲ್ಲಿ ಶೌಚಗುಂಡಿ ಎಲ್ಲಿ, ಮಳೆನೀರಿನ ಗುಂಡಿ ಎಲ್ಲಿ ಎಂದು ತೋರಿಸಲಾಗುತ್ತದೆ. ಬಿಸಿಗಾಳಿಯ ಬಾಯಿ ಎಲ್ಲಿ ಎಂದು ತೋರಿಸುವ ಪದ್ಧತಿಯಿಲ್ಲ. ಪರವಾನಗಿಯ ಹಂತದಲ್ಲೇ ಅದನ್ನು ಗುರುತಿಸಿ, ನೆರೆಯ ಕಿಟಕಿಯಿಂದ ಮತ್ತು ಮುಖ್ಯವಾಗಿ ಹುಳುಮನೆಯಿಂದ ಇಂತಿಷ್ಟು ಅಂತರ ಎಂದು ಬೈಲಾದಲ್ಲಿ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ. ಬಿಡದಿಯ ಸುತ್ತ ಸಾವಿರಾರು ಎಕರೆಯ ಟೌನ್‌ಶಿಪ್ ಯೋಜನೆಗೆ ರೈತರ ವಿರೋಧ ನಡೆದಿರುವ ಈ ಹೊತ್ತಿನಲ್ಲಿ, ಅದು ಆಗಲಿ ಬಿಡಲಿ, ಉಳಿಯುವ ಹಿಪ್ಪುನೇರಳೆ ತೋಟಗಳ ಅಂಚಿನಲ್ಲಿ ಮನೆಗಳು ಏಳುವುದಂತೂ ನಿಲ್ಲದು. ರೇಷ್ಮೆ ಇಲಾಖೆಯ ಬಳಿ ಸಾಕಣೆದಾರರ ಪಟ್ಟಿಯಿದೆ. ಬಡಾವಣೆಗೆ ಅನುಮತಿ ಕೊಡುವ ಕಚೇರಿ ಅದನ್ನೊಮ್ಮೆ ತರಿಸಿ ನೋಡಬಹುದು.

ಈಗಾಗಲೇ ಗೋಡೆಗೇರಿದ ಪೆಟ್ಟಿಗೆಗಳಿಗೆ ಬೈಲಾ ಕಾಯಬೇಕಿಲ್ಲ. ಹುಳುಮನೆಯ ಪಕ್ಕದವರು ಐದನೆಯ ಹಂತದ ಆ ಏಳೆಂಟು ರಾತ್ರಿಗಳು ಯಾವಾಗ ಬರುತ್ತವೆಂದು ರೈತರನ್ನು ಕೇಳಿ ತಿಳಿಯಬಹುದು. ಮೊಟ್ಟೆ ತಂದ ದಿನದಿಂದಲೇ ಅವರು ಲೆಕ್ಕ ಹೇಳಬಲ್ಲರು. ಹೊರಘಟಕದ ಬಿಸಿಗಾಳಿ ಕಿಟಕಿಗೆ ನೇರವಾಗಿ ಹೊಡೆಯದೆ ಮೇಲ್ಮುಖವಾಗಿ ತಿರುಗುವಂತೆ ಮುಖದಿಂದ ಗೇಣು ದೂರಕ್ಕೆ ಓರೆಯಾಗಿ ಒಂದು ತಗಡು ನಿಲ್ಲಿಸಿದರೆ ಅರ್ಧ ತೊಂದರೆ ನೀಗುತ್ತದೆ. ಗಾಳಿಯ ದಾರಿ ಕಟ್ಟದಷ್ಟು ತೆರವು ಬಿಟ್ಟು ಅದನ್ನು ಮಾಡಿಕೊಡುವ ವೆಲ್ಡಿಂಗ್ ಅಂಗಡಿ ನಾಲ್ಕೂ ಊರುಗಳಲ್ಲಿದೆ, ಫೆಬ್ರವರಿಯೊಳಗೆ ಹೋದರೆ ಅಲ್ಲಿ ಕಾಯಬೇಕಾಗಿಯೂ ಇಲ್ಲ.